ಕಿಂಡಿಯಲ್ಲಿ ನುಗ್ಗಿದ ಕುದುರೆ

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಶಿರಾ ದಾಟಿ ಹಿರಿಯೂರಿನ ಕಡೆಗೆ ಹೊರಟರೆ ನಡುವೆ ಸಿಗುವ ಹೋಬಳಿ ಊರು ಜವನಗೊಂಡನಹಳ್ಳಿ. ಜನರ ಬಾಯಲ್ಲಿ ಜೆ.ಜಿ. ಹಳ್ಳಿ. ಇಂಥ ಊರುಗಳ ಮನೆಗಳಿಗೆ ಚೆಸ್ ಬೋರ್ಡು ಹೊಸದೇನಲ್ಲ. ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಕಾಯಿಗಳು, ಮಡಚಿ ಮಡಚಿ ನಡುವೆ ಸೀಳಿದ ರಟ್ಟಿನ ಹಾಸು, ಕಳೆದುಹೋದ ಕಾಲಾಳಿನ ಜಾಗಕ್ಕೆ ಒಂದು ಹುಣಸೆಬೀಜ. ಇಷ್ಟಿದ್ದರೆ ಬೇಸಿಗೆಯ ಮಧ್ಯಾಹ್ನ ಕಳೆಯುತ್ತದೆ.

ನಿಯಮ ಮಾತ್ರ ಮನೆಯಿಂದ ಮನೆಗೆ ಬೇರೆ. ಮೊದಲ ನಡೆಗೆ ಎರಡು ಕಾಲಾಳುಗಳನ್ನು ಒಂದೊಂದು ಮನೆ ಸರಿಸುವುದು ಒಂದು ಕಡೆಯ ಪದ್ಧತಿ. ಕಾಲಾಳು ಯಾವತ್ತಿಗೂ ಒಂದೇ ಮನೆ ನಡೆಯಬೇಕು ಎನ್ನುವುದು ಇನ್ನೊಂದು ಕಡೆಯದು. ಆಚೆ ತುದಿ ಮುಟ್ಟಿದ ಕಾಲಾಳು ಆನೆಯ ಸಾಲಿನಲ್ಲಿದ್ದರೆ ಆನೆ, ಕುದುರೆಯ ಸಾಲಿನಲ್ಲಿದ್ದರೆ ಕುದುರೆ ಆಗುತ್ತದೆ ಎಂದು ಅಜ್ಜಂದಿರು ಪಟ್ಟು ಹಿಡಿಯುತ್ತಾರೆ. ಪುಸ್ತಕ ಓದಿ ಕಲಿತವರು ಇದನ್ನು ಕೇಳಿ ನಗುವುದುಂಟು. ನಗುವ ಮೊದಲು ತಿಳಿಯಬೇಕಾದದ್ದು, ಇವು ಯಾರೋ ತಪ್ಪಾಗಿ ಕಲಿತ ನಿಯಮಗಳಲ್ಲ, ನೂರಾರು ವರ್ಷ ಈ ದೇಶದಲ್ಲಿ ಆಡುತ್ತಿದ್ದ ಚದುರಂಗದ ಉಳಿಕೆಗಳು.

ತೊಡಕು ಶುರುವಾಗುವುದು ಈ ಮನೆಯ ಹುಡುಗನೋ ಹುಡುಗಿಯೋ ಪಂದ್ಯಕ್ಕೆ ಹೋದಾಗ. ಪಕ್ಕದಲ್ಲಿ ಗಡಿಯಾರ, ಮುಂದೆ ನಡೆ ಬರೆಯುವ ಹಾಳೆ, ಎದುರಿಗೆ ನಗರದ ಅಕಾಡೆಮಿಯಿಂದ ಬಂದ ಮಗು. ಆ ಮಗು ಮೊದಲ ಹತ್ತು ನಡೆಗಳನ್ನು ಒಂದು ನಿಮಿಷದೊಳಗೆ ಆಡಿ ಮುಗಿಸುತ್ತದೆ. ಹಳ್ಳಿಯ ಮಗು ಅದೇ ಹತ್ತು ನಡೆಗೆ ಇಪ್ಪತ್ತು ನಿಮಿಷ ಕಳೆದು, ಒಂದು ಕುದುರೆಯನ್ನೂ ಕಳೆದುಕೊಂಡು ಕೂತಿರುತ್ತದೆ. ‘ಓಪನಿಂಗ್ ಗೊತ್ತಿಲ್ಲ’ ಎನ್ನುವುದು ಆಮೇಲೆ ಬರುವ ತೀರ್ಪು. ಈ ಓಪನಿಂಗ್ ಎಂಬುದು ಎಷ್ಟು ದೊಡ್ಡ ವಿಷಯ, ಅದು ಯಾರ ಸೊತ್ತು, ಅದಿಲ್ಲದವನು ನಿಜಕ್ಕೂ ಅಲ್ಲಿಯೇ ಸೋಲುತ್ತಾನೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸ್ವಲ್ಪ ದೂರ ತಿರುಗಾಡಬೇಕು.

ಮೊದಲು ಲೆಕ್ಕ. ಬಿಳಿಗೆ ಮೊದಲ ನಡೆಯಲ್ಲಿ ಇರುವ ಆಯ್ಕೆ 20: ಕಾಲಾಳುಗಳ 16, ಕುದುರೆಗಳ 4. ಕಪ್ಪಿಗೂ ಅಷ್ಟೇ. ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ 400 ದಾರಿಗಳು. ಬಿಳಿ ಎರಡನೇ ನಡೆ ಆಡಿದರೆ 8,902, ಕಪ್ಪು ಅದಕ್ಕೆ ಉತ್ತರ ಕೊಟ್ಟರೆ 1,97,281. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಇನ್ನೂ ಒಂದು ಕಾಯಿಗೂ ಏಟು ಬಿದ್ದಿರುವುದಿಲ್ಲ. ಈ ಕಾಡಿನಲ್ಲಿ ಸವೆದ ಕಾಲುದಾರಿಗಳಿಗೆ ಹೆಸರಿಟ್ಟು, ಗುರುತು ಹಾಕಿ ಇಟ್ಟಿರುವುದೇ ಓಪನಿಂಗ್ ಶಾಸ್ತ್ರ. ಬೆಲ್‌ಗ್ರೇಡ್‌ನ ಇನ್‌ಫಾರ್ಮೇಟರ್ ಪ್ರಕಾಶನ 1970ರ ದಶಕದಲ್ಲಿ ಹೊರತಂದ ವಿಶ್ವಕೋಶ ಎಲ್ಲ ಆರಂಭಗಳನ್ನೂ ‘ಎ’ಯಿಂದ ‘ಇ’ವರೆಗಿನ ಐದು ಸಂಪುಟಗಳಲ್ಲಿ 500 ಸಂಖ್ಯೆಗಳಿಗೆ ಹಂಚಿತು. ಇವತ್ತಿಗೂ ಆಟಗಾರರು ಊರಿನ ಪಿನ್‌ಕೋಡ್ ಹೇಳಿದಂತೆ ಆ ಸಂಖ್ಯೆಗಳನ್ನು ಹೇಳುತ್ತಾರೆ.

ಈ ಶಾಸ್ತ್ರ ಭಾರತದಲ್ಲಿ ಬೆಳೆಯಲಿಲ್ಲ. ಆಟ ಹುಟ್ಟಿದ್ದು ಇಲ್ಲಿ, ಆರಂಭದ ಶಾಸ್ತ್ರ ಹುಟ್ಟಿದ್ದು ಅಲ್ಲಿ. ಅದಕ್ಕೆ ಕಾರಣ ಬುದ್ಧಿಯ ಹೆಚ್ಚುಕಡಿಮೆಯಲ್ಲಿಲ್ಲ, ನಿಯಮದಲ್ಲಿದೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದ್ದು. ಇಂದಿನ ಚಿತ್ರದುರ್ಗದ ನೆಲವೂ ಆ ಅರಸರ ಆಳ್ವಿಕೆಗೆ ಸೇರಿತ್ತು. ಅಡುಗೆ, ಆನೆ, ಮಲ್ಲಯುದ್ಧಗಳ ಜೊತೆ ಆ ಗ್ರಂಥ ಚದುರಂಗವನ್ನೂ ವಿವರಿಸುತ್ತದೆ. ಆ ಕಾಲದ ಆಟದಲ್ಲಿ ಮಂತ್ರಿ ಬಡಪಾಯಿ, ಓರೆಯಾಗಿ ಒಂದೇ ಮನೆ ಸರಿಯಬಲ್ಲವನು. ಸೈನ್ಯ ಒಂದಕ್ಕೊಂದು ಎದುರಾಗಲಿಕ್ಕೇ ಹತ್ತಾರು ನಡೆ ಬೇಕಿತ್ತು. ಮೊದಲ ಐದು ನಡೆಯಲ್ಲಿ ತಪ್ಪು ಮಾಡಿದರೂ ತಿದ್ದಿಕೊಳ್ಳಲು ಸಮಯವಿತ್ತು.

ಯೂರೋಪಿನಲ್ಲಿ 15ನೇ ಶತಮಾನದ ಕೊನೆಗೆ ಈ ಬಡ ಮಂತ್ರಿ ಒಮ್ಮೆಲೇ ರಾಣಿಯಾಗಿ, ಬೋರ್ಡಿನ ಈ ತುದಿಯಿಂದ ಆ ತುದಿಗೆ ಹಾರತೊಡಗಿದಳು. ಒಂಟೆಗೂ ಉದ್ದದ ಕಾಲು ಬಂತು. ಕಾಲಾಳು ಮೊದಲ ಸಲ ಎರಡು ಮನೆ ಹಾಕಬಹುದಾಗಿತ್ತು. ಈಗ ನಾಲ್ಕೇ ನಡೆಯಲ್ಲಿ ರಾಜ ಸಾಯಬಹುದಾದ್ದರಿಂದ ಮೊದಲ ನಡೆಗಳಿಗೆ ಬೆಲೆ ಬಂತು. 1497ರಲ್ಲಿ ಸ್ಪೇನಿನ ಲುಸೇನಾ, 1561ರಲ್ಲಿ ಅಲ್ಲಿನದೇ ಪಾದ್ರಿ ರುಯ್ ಲೋಪೆಜ್ ಪುಸ್ತಕ ಬರೆದರು. ಲೋಪೆಜ್ ಹೆಸರಿನ ಆರಂಭ ಇವತ್ತೂ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಭಾರತದಲ್ಲಿ ರಾಣಿಯ ಹೊಸ ಕಾಲು ತಡವಾಗಿಯಾದರೂ ಬಂತು, ಕಾಲಾಳಿನ ಜೋಡಿ ಹೆಜ್ಜೆ ಬರಲಿಲ್ಲ. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸಲಿಂಗ್ ಬದಲಿಗೆ ರಾಜ ಒಂದು ಸಲ ಕುದುರೆಯಂತೆ ನೆಗೆಯಬಹುದಿತ್ತು, ಚೆಕ್ ತಿನ್ನದೆ ಇದ್ದರೆ ಮಾತ್ರ. ಹಲವೆಡೆ ಆಟದ ಆರಂಭಕ್ಕೇ ಇಬ್ಬರೂ ಒಂದೇ ಸಲಕ್ಕೆ ಹಲವು ನಡೆ ಹಾಕಿ, ತಮ್ಮ ಅರ್ಧದೊಳಗೆ ಸೈನ್ಯ ಜೋಡಿಸಿಕೊಂಡು ಆಮೇಲೆ ಯುದ್ಧಕ್ಕೆ ಇಳಿಯುತ್ತಿದ್ದರು. ಮನೆಗಳಲ್ಲಿ ಇವತ್ತೂ ಮೊದಲ ನಡೆಗೆ ಎರಡು ಕಾಲಾಳು ಸರಿಸುವ ಪದ್ಧತಿಯ ಬೇರು ಹುಡುಕುವವರು ಇಲ್ಲಿ ಅಗೆಯಬೇಕು. ಸಾವಕಾಶದ ಆಟದಲ್ಲಿ ಆರಂಭದ ಶಾಸ್ತ್ರಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಕೆಡಿಸಿಕೊಳ್ಳಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಮನೆಯಲ್ಲಿ ಉಳಿದ ಈ ಅರಸರು 1868ರಲ್ಲಿ ತೀರಿಕೊಳ್ಳುವವರೆಗೆ ಸಾಹಿತ್ಯ, ಚಿತ್ರ, ಮನೆಯಾಟಗಳಲ್ಲಿ ಮುಳುಗಿದ್ದರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಅವರನ್ನು ಹಿಡಿದಿಟ್ಟದ್ದು ಕುದುರೆ: 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ, ಹೊರಟಲ್ಲಿಗೇ ಮರಳುವ ಕುದುರೆಯ ಓಟ. ಹೆಜ್ಜೆಗಳಿಗೆ 1ರಿಂದ 64ರವರೆಗೆ ಸಂಖ್ಯೆ ಹಾಕಿದರೆ ಯಾವ ಅಡ್ಡಸಾಲು, ಯಾವ ಉದ್ದಸಾಲು ಕೂಡಿದರೂ 260 ಬರುವಂಥ ಓಟವೊಂದು ಅವರ ಹೆಸರಿನಲ್ಲಿದೆ. ಕುದುರೆಯ ನಡೆಯಂತೆ ಪದ್ಯದ ಅಕ್ಷರ ಹೆಣೆಯುವ ಕನ್ನಡ, ಸಂಸ್ಕೃತ ಕವಿಗಳ ತುರಗಬಂಧದ ಹುಚ್ಚೂ ಇದೇ ಜಾತಿಯದು. ನಮ್ಮ ಕಡೆಯ ಪ್ರತಿಭೆ ಒಗಟು ಬಿಡಿಸುವುದರಲ್ಲಿ ಮಿಂಚಿತು, ಎದುರಾಳಿಯ ಜೊತೆ ಗಡಿಯಾರ ಇಟ್ಟುಕೊಂಡು ಗುದ್ದಾಡುವುದರಲ್ಲಿ ಅಲ್ಲ ಎಂದು ಹೇಳಿದರೆ ಮೈಸೂರಿನವರು ಕೋಪಿಸಿಕೊಳ್ಳಲಾರರು.

ಹಾಗಾದರೆ ಹಳೆಯ ಪದ್ಧತಿಯಲ್ಲಿ ಪಳಗಿದ ಮನುಷ್ಯ ಯೂರೋಪಿನ ನಿಯಮದ ಎದುರು ಕೂತಾಗ ಏನಾಯಿತು? ಅದಕ್ಕೆ ಒಳ್ಳೆಯ ದಾಖಲೆ ಸಿಗುವುದು ಕಲ್ಕತ್ತದಲ್ಲಿ. 19ನೇ ಶತಮಾನದ ಮಧ್ಯದಲ್ಲಿ ಅಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಬ್ಯಾರಿಸ್ಟರ್ ಇದ್ದ. ಲಂಡನ್ನಿನಲ್ಲಿ ಸ್ಟಾಂಟನ್ನನಂಥ ಹೆಸರಾಂತ ಆಟಗಾರರ ಜೊತೆ ನೂರಾರು ಆಟ ಆಡಿದ್ದವನು. ಕಲ್ಕತ್ತದ ಕ್ಲಬ್ಬಿನಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಒಳನಾಡಿನಲ್ಲಿ ಯಾರ ಕೈಯಲ್ಲೂ ಸೋಲದ ಒಬ್ಬ ಬ್ರಾಹ್ಮಣ ಇದ್ದಾನೆ ಎಂಬ ಸುದ್ದಿ ಕ್ಲಬ್ಬಿಗೆ ತಲುಪಿತು. ಕರೆಸಿದರು. ಬಂದವನು ಮಹೇಶಚಂದ್ರ ಬ್ಯಾನರ್ಜಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಹೆಸರು ಹತ್ತು ಬಗೆಯಲ್ಲಿ ತಿರುಚಿಕೊಂಡಿದೆ. ಒಳನಾಡಿಗೆ ಅಂದಿನ ಸಾಹೇಬರ ಬಾಯಿಯಲ್ಲಿದ್ದ ಪದ ಮೊಫಸಿಲ್. ಜವನಗೊಂಡನಹಳ್ಳಿಯೂ ಆ ಪದದ ಅರ್ಥದೊಳಗೇ ಬರುತ್ತದೆ.

ಇಬ್ಬರೂ ಹಲವು ವರ್ಷ ನೂರಾರು ಆಟ ಆಡಿದರು. ಹೆಚ್ಚು ಗೆದ್ದವನು ಕಾಕ್ರೇನನೇ. ಆದರೆ ಮಹೇಶಚಂದ್ರ ಆಡುತ್ತಿದ್ದ ಬಗೆ ವಿಚಿತ್ರವಾಗಿತ್ತು. ಬಿಳಿ ನಡುಮನೆಗಳಿಗೆ ಕಾಲಾಳುಗಳನ್ನು ನುಗ್ಗಿಸಿದರೆ ಯೂರೋಪಿನವರು ತಾವೂ ನುಗ್ಗಿಸಿ ಎದುರು ನಿಲ್ಲಿಸುತ್ತಿದ್ದರು. ಈತ ಹಾಗೆ ಮಾಡದೆ ಕುದುರೆ ಹೊರತಂದು, ಒಂದು ಕಾಲಾಳನ್ನು ಒಂದೇ ಮನೆ ಸರಿಸಿ, ಆ ಸಂದಿಯಲ್ಲಿ ಒಂಟೆಯನ್ನು ಮೂಲೆಗೆ ಕೂರಿಸುತ್ತಿದ್ದ. ಅಲ್ಲಿಂದ ಒಂಟೆ ಇಡೀ ಬೋರ್ಡನ್ನು ಓರೆಯಾಗಿ ನೋಡುತ್ತದೆ. ಒಂದೇ ಮನೆ ನಡೆಯುವ ಕಾಲಾಳುಗಳ ಆಟದಲ್ಲಿ ಬೆಳೆದವನಿಗೆ ಇದು ಸಹಜ. ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರಿನ ಬೇರು ಈ ಆಟಗಳಲ್ಲಿದೆ. ಇವತ್ತಿನ ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೊ ಇಂಡಿಯನ್ ಎಲ್ಲವೂ ಆ ಮನೆತನದ ಹೆಸರು ಹೊತ್ತವು.

1855ರ ಮೇ ತಿಂಗಳಲ್ಲಿ ಆಡಿದ ಒಂದು ಆಟ ಉಳಿದುಬಂದಿದೆ. ಅದನ್ನು ಬೋರ್ಡು ಹಾಕಿಕೊಂಡು ನೋಡಬೇಕು. ಬಿಳಿ ಕಾಕ್ರೇನನದು, ಕಾಲಾಳು ಡಿ4. ಮಹೇಶಚಂದ್ರ ಕುದುರೆಯನ್ನು ಎಫ್6ಕ್ಕೆ ತಂದ. ಬಿಳಿ ಸಿ4, ಕಪ್ಪು ಜಿ6. ಬಿಳಿಯ ಕುದುರೆ ಸಿ3ಕ್ಕೆ ಬಂದಾಗ ಕಪ್ಪು ಡಿ5 ಆಡಿತು. ಈ ಮೂರನೇ ನಡೆಯೇ ಸೊಗಸು: ನಡುಮನೆಯನ್ನು ನೀನೇ ಇಟ್ಟುಕೋ, ಅದನ್ನು ಕಾಯುವ ಭಾರವೂ ನಿನ್ನದೇ ಎನ್ನುವ ಧಾಟಿ. 1922ರಲ್ಲಿ ವಿಯೆನ್ನಾದಲ್ಲಿ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಇದೇ ಮೂರು ನಡೆಗಳಿಂದ ಮುಂದಿನ ವಿಶ್ವ ಚಾಂಪಿಯನ್ ಅಲೆಖೈನ್‌ನನ್ನು ಸೋಲಿಸಿದ. ಆರಂಭಕ್ಕೆ ಅವನ ಹೆಸರು ನಿಂತಿತು. ಮಹೇಶಚಂದ್ರ ಅದನ್ನು ಆಡಿ ಅಷ್ಟರಲ್ಲಿ 67 ವರ್ಷ ಕಳೆದಿತ್ತು.

ಆ ಆಟದಲ್ಲಿ ಕಪ್ಪಿನ ಆರಂಭಕ್ಕೆ ಏನೂ ಕೊರತೆ ಇರಲಿಲ್ಲ. ಹನ್ನೆರಡನೇ ನಡೆಯ ಹೊತ್ತಿಗೆ ರಾಜ ಕ್ಯಾಸಲ್ ಮಾಡಿ ಮೂಲೆ ಸೇರಿದ್ದಾನೆ, ಒಂಟೆಗಳೆರಡೂ ಹೊರಗಿವೆ, ಸಿ ಸಾಲಿಗೆ ಆನೆ ಬಂದಿದೆ. ಹದಿನಾಲ್ಕನೇ ನಡೆಯಲ್ಲಿ ಕಾಕ್ರೇನ್ ಮಂತ್ರಿಯನ್ನು, ಅಂದರೆ ಯೂರೋಪಿನ ರಾಣಿಯನ್ನು, ಬಿ3ಕ್ಕೆ ತಂದ. ಅಲ್ಲಿಂದ ಓರೆಯಾಗಿ ನೋಡಿದರೆ ಕಾಣುವುದು ಎಫ್7, ಕಪ್ಪು ರಾಜನ ಪಕ್ಕದ ಮನೆ. ಉತ್ತರವಾಗಿ ಮಹೇಶಚಂದ್ರ ಎಫ್8ರಲ್ಲಿದ್ದ ಆನೆಯನ್ನು ಒಂದು ಮನೆ ಪಕ್ಕಕ್ಕೆ, ಇ8ಕ್ಕೆ ಸರಿಸಿದ.

ಎಫ್7 ಎಂದರೆ ಏನು ಎಂದು ಚಿತ್ರದುರ್ಗ ಸೀಮೆಯವರಿಗೆ ವಿವರಿಸುವುದು ಸುಲಭ. ಏಳು ಸುತ್ತಿನ ಕೋಟೆಯಲ್ಲೂ ಒಬ್ಬ ಮನುಷ್ಯ ತೂರುವಷ್ಟು ಕಿಂಡಿಯೊಂದಿತ್ತು. ಎಫ್7 ಆ ಕಿಂಡಿ. ಆಟ ಶುರುವಾದಾಗ ಅದನ್ನು ಕಾಯುವವನು ರಾಜ ಒಬ್ಬನೇ, ಬೇರೆ ಯಾವ ಕಾಯಿಯ ಕಣ್ಣೂ ಅದರ ಮೇಲಿಲ್ಲ. ಕ್ಯಾಸಲಿಂಗ್ ಆದ ಮೇಲೆ ಆನೆ ಎಫ್8ಕ್ಕೆ ಬಂದು ಕಾವಲಿಗೆ ಸೇರುತ್ತದೆ. ಆ ಆನೆಯೇ ಈಗ ಊಟಕ್ಕೆ ಹೋದ ಕಾವಲುಗಾರನ ಹಾಗೆ ಪಕ್ಕಕ್ಕೆ ಸರಿದಿದೆ. ಕೋಟೆಯ ಕಥೆಯಲ್ಲಿ ಕಿಂಡಿಯ ಬಾಯಿಗೆ ಒನಕೆ ಹಿಡಿದ ಓಬವ್ವ ಬಂದಳು. ಇಲ್ಲಿ ಯಾರೂ ಬರಲಿಲ್ಲ. ಹದಿನೇಳನೇ ನಡೆಗೆ ಬಿಳಿಯ ಕುದುರೆ ಜಿ5ಕ್ಕೆ ನೆಗೆಯಿತು. ಮಹೇಶಚಂದ್ರ ಇ2ರಲ್ಲಿದ್ದ ಬಿಳಿಯ ಒಂಟೆಯನ್ನು ಹೊಡೆದ, ಆಸೆಗೆ ಬಿದ್ದು ಎನ್ನೋಣ. ಕುದುರೆ ಎಫ್7ಕ್ಕೆ ನುಗ್ಗಿತು. ಕಪ್ಪು ತನ್ನ ಕುದುರೆಯನ್ನು ಎ5ಕ್ಕೆ ತಂದು ಬಿಳಿಯ ಮಂತ್ರಿಗೇ ಕೈ ಹಾಕಿತು.

ಆಮೇಲಿನದು ಮೂರೇ ನಡೆ. ಕುದುರೆ ಎಚ್6ಕ್ಕೆ, ಕುದುರೆಯಿಂದಲೂ ಹಿಂದಿದ್ದ ಮಂತ್ರಿಯಿಂದಲೂ ಒಟ್ಟಿಗೇ ಚೆಕ್. ರಾಜ ಎಚ್8ರ ಮೂಲೆಗೆ ಓಡಿದ. ಕಾಕ್ರೇನ್ ಮಂತ್ರಿಯನ್ನು ಜಿ8ರಲ್ಲಿ, ರಾಜನ ಪಕ್ಕದಲ್ಲೇ ಇಟ್ಟು ಬಲಿ ಕೊಟ್ಟ. ಕಪ್ಪು ಆನೆಯಿಂದ ಹೊಡೆಯದೆ ಗತಿಯಿಲ್ಲ, ರಾಜ ಹೊಡೆಯಲು ಕುದುರೆಯ ಕಾವಲಿದೆ. ಆನೆ ಹೊಡೆದ ಕ್ಷಣಕ್ಕೆ ರಾಜನ ಸುತ್ತಲಿನ ಎಲ್ಲ ಮನೆಗಳೂ ಅವನದೇ ಕಡೆಯವರಿಂದ ತುಂಬಿದವು. ಕುದುರೆ ಮತ್ತೆ ಎಫ್7ಕ್ಕೆ, ಚೆಕ್‌ಮೇಟ್. ಇಪ್ಪತ್ತೊಂದನೇ ನಡೆ.

ಕಾಕ್ರೇನನಿಗೆ ಆ ಕಿಂಡಿ ಹಳೆಯ ಪರಿಚಯ. 1848ರಲ್ಲಿ ಇದೇ ಮಹೇಶಚಂದ್ರನ ಎದುರು, ಪೆಟ್ರಾಫ್ ಆರಂಭದಲ್ಲಿ, ನಾಲ್ಕನೇ ನಡೆಗೇ ಕುದುರೆಯನ್ನು ಎಫ್7ರಲ್ಲಿ ಬಲಿ ಕೊಟ್ಟಿದ್ದ. ಕಾಕ್ರೇನ್ ಗ್ಯಾಂಬಿಟ್ ಎಂಬ ಹೆಸರಿನಲ್ಲಿ ಅದನ್ನು ಈಗಲೂ ಆಡುವವರಿದ್ದಾರೆ. ಸೋತವನ ಆರಂಭ ‘ಇಂಡಿಯನ್’ ಎಂಬ ಕುಲನಾಮದಲ್ಲಿ ಉಳಿಯಿತು, ಗೆದ್ದವನ ಆರಂಭ ಅವನ ಸ್ವಂತ ಹೆಸರಿನಲ್ಲಿ. ಹೆಸರಿಡುವ ಕೈ ಯಾರದಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ಈ ಲೇಖನಕ್ಕೆ ಮುಖ್ಯವಾದದ್ದು ಬೇರೆ. ಒಳನಾಡಿನ ಆಟಗಾರ ಸೋತದ್ದು ಆರಂಭದಲ್ಲಿ ಅಲ್ಲ. ಅವನ ಆರಂಭ ಕಾಲಕ್ಕಿಂತ ಮುಂದಿತ್ತು. ಆನೆ ಯಾವ ಮನೆಯನ್ನು ಕಾಯುತ್ತಿತ್ತು ಎಂಬುದನ್ನು ಒಂದು ಗಳಿಗೆ ಮರೆತದ್ದರಲ್ಲಿ ಸೋತ.

ಎಪ್ಪತ್ತೈದು ವರ್ಷಗಳ ನಂತರ ಇದೇ ಪಾಠ ತಿರುಗಿ ಬಂತು. ಪಂಜಾಬಿನ ಹಳ್ಳಿಯಲ್ಲಿ ಹಳೆಯ ನಿಯಮದ ಚದುರಂಗ ಆಡಿ ಬೆಳೆದ ಸುಲ್ತಾನ್ ಖಾನ್ 1929ರಲ್ಲಿ ಯಜಮಾನನ ಜೊತೆ ಲಂಡನ್ನಿಗೆ ಹೋದವನು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ. 1932, 1933ರಲ್ಲಿ ಮತ್ತೆರಡು ಸಲ. 1930–31ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಬ್ಲಾಂಕಾನನ್ನು ಸೋಲಿಸಿದ. ಅವನ ಆರಂಭಗಳು ದುರ್ಬಲ ಎಂದು ಎಲ್ಲರೂ ಬರೆದರು, ಅದು ಸುಳ್ಳೂ ಅಲ್ಲ. ಆ ದೌರ್ಬಲ್ಯವನ್ನು ಹೊತ್ತುಕೊಂಡೇ ಗೆದ್ದ ಎನ್ನುವುದನ್ನು ಅಷ್ಟು ಜೋರಾಗಿ ಯಾರೂ ಬರೆಯಲಿಲ್ಲ. ಗ್ರ್ಯಾಂಡ್‌ಮಾಸ್ಟರ್ ಗೌರವ ವಿಶ್ವ ಚೆಸ್ ಸಂಸ್ಥೆ ಫಿಡೆಯಿಂದ ಬಂದದ್ದು 2024ರಲ್ಲಿ. ಅವನು ತೀರಿಕೊಂಡದ್ದು 1966ರಲ್ಲಿ.

ಹಾಗೆಂದು ಆರಂಭ ಬೇಡವೆ? ಬೇಕು. ಮೇಲಿನ ಮಟ್ಟಕ್ಕೆ ಹೋದಷ್ಟೂ ಹೆಚ್ಚು ಬೇಕು. 2008ರಲ್ಲಿ ಬಾನ್ ನಗರದಲ್ಲಿ ವಿಶ್ವನಾಥನ್ ಆನಂದ್ ವಿಶ್ವ ಪಟ್ಟ ಉಳಿಸಿಕೊಂಡ ಪಂದ್ಯವನ್ನು ನೆನೆದರೆ ಸಾಕು. ಎದುರಾಳಿ ಕ್ರಾಮ್ನಿಕ್. ಮೂರನೇ ಮತ್ತು ಐದನೇ ಆಟಗಳಲ್ಲಿ ಆನಂದ್ ಕಪ್ಪು ಕಾಯಿಗಳಿಂದ ಮೆರಾನ್ ಎಂಬ ಒಂದೇ ದಾರಿ ಹಿಡಿದು ಎರಡೂ ಗೆದ್ದರು. ಕಪ್ಪಿನಲ್ಲಿ ಡ್ರಾ ಆದರೆ ಸಮಾಧಾನ ಪಡುವ ಮಟ್ಟದಲ್ಲಿ ಇದು ಅಪರೂಪ. ಬೋರ್ಡಿನ ಮುಂದೆ ಕೂರುವ ಎಷ್ಟೋ ತಿಂಗಳ ಮೊದಲೇ ಸಹಾಯಕರ ತಂಡದೊಡನೆ ಕಂಪ್ಯೂಟರ್ ಮುಂದೆ ಕೂತು ಹದಗೊಳಿಸಿದ ಫಸಲು ಅದು.

ಈಗ ಕರ್ನಾಟಕಕ್ಕೆ ಬರಬಹುದು. ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ನಮ್ಮ ರಾಜ್ಯ ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರನ್ನು ಕಾಣಲು 2017ರವರೆಗೆ ಕಾಯಬೇಕಾಯಿತು. ಮೈಸೂರಿನ ಎಂ.ಎಸ್. ತೇಜಕುಮಾರ್, ರೈಲ್ವೆ ನೌಕರ, ದೇಶದ 50ನೆಯವರು. ಆಗ ಅವರ ವಯಸ್ಸು ಮೂವತ್ತೈದು ದಾಟಿತ್ತು. ಆಮೇಲೆ ಶಿವಮೊಗ್ಗ ಜಿಲ್ಲೆಯ ಜಿ.ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್ ಬಂದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ರೊಮೇನಿಯಾದ ಮಮಾಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಪಂದ್ಯ ಆಡುತ್ತಲೇ 2500 ರೇಟಿಂಗ್ ಮುಟ್ಟಿ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಆದ. ಆ ಪಂದ್ಯವನ್ನೂ ಗೆದ್ದ. ವಯಸ್ಸು 15. ಅದೇ ವರ್ಷ ಬೆಂಗಳೂರಿನ ಪುಟ್ಟ ಹುಡುಗಿ ಚಾರ್ವಿ ಜಾರ್ಜಿಯಾದ ಬಟುಮಿಯಲ್ಲಿ 8 ವರ್ಷದೊಳಗಿನವರ ವಿಶ್ವ ಪಟ್ಟ ತಂದಳು.

ಗ್ರ್ಯಾಂಡ್‌ಮಾಸ್ಟರ್ ಆದ ವಯಸ್ಸಿನಲ್ಲಿ ತೇಜಕುಮಾರ್ ಮತ್ತು ಪ್ರಣವ್ ನಡುವಿನ ಇಪ್ಪತ್ತು ವರ್ಷದ ಅಂತರವನ್ನು ಪ್ರತಿಭೆಯ ಅಂತರ ಎಂದು ಓದಿದರೆ ತಪ್ಪಾಗುತ್ತದೆ. ಒಬ್ಬರು ಬೆಳೆಯುವ ಕಾಲಕ್ಕೆ ಹೊಸ ಆರಂಭ ತಿಳಿಯಲು ವಿದೇಶಿ ಪುಸ್ತಕ ಬರಬೇಕಿತ್ತು, ರಜೆ ಹಾಕಿ ಪಂದ್ಯಗಳಿಗೆ ಅಲೆಯಬೇಕಿತ್ತು. ಇನ್ನೊಬ್ಬ ಹುಟ್ಟುವ ಹೊತ್ತಿಗೆ ಮನುಷ್ಯರನ್ನು ಮೀರಿದ ಚೆಸ್ ಎಂಜಿನ್‌ಗಳು ಮನೆಯ ಕಂಪ್ಯೂಟರಿಗೆ ಇಳಿದಿದ್ದವು. ಊರುಗಳನ್ನು ಗಮನಿಸಿದರೂ ಇದೇ ಕಥೆ: ಮೈಸೂರು, ಶಿವಮೊಗ್ಗ, ಬೆಂಗಳೂರು. ತರಬೇತುದಾರರು, ರೇಟಿಂಗ್ ಪಂದ್ಯಗಳು, ಜೊತೆಗೆ ಆಡುವ ಸಮಬಲದ ಗೆಳೆಯರು ಇರುವ ಕಡೆ ಆಟಗಾರರು ಗುಂಪಾಗಿ ಏಳುತ್ತಾರೆ.

ಶಿವಮೊಗ್ಗದ ಇನ್ನೊಂದು ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಕಿಶನ್ ಗಂಗೊಳ್ಳಿ ದೃಷ್ಟಿದೋಷವುಳ್ಳವರ ರಾಷ್ಟ್ರೀಯ ಚೆಸ್ ಪಟ್ಟವನ್ನು ಹಲವು ಸಲ ಗೆದ್ದವರು. 2018ರ ಜಕಾರ್ತ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಪಡೆದವರು. ಅವರ ವಿಭಾಗದ ಬೋರ್ಡಿನಲ್ಲಿ ಕಪ್ಪು ಮನೆಗಳು ತುಸು ಎತ್ತರ, ಪ್ರತಿ ಮನೆಗೂ ತೂತು, ಕಾಯಿಗಳಿಗೆ ಮೊಳೆ. ಬಣ್ಣವನ್ನು ಬೆರಳಿನಿಂದ ತಿಳಿಯಬೇಕು. ನಡೆಯನ್ನು ಬಾಯಲ್ಲಿ ಕೂಗಿ ಹೇಳಬೇಕು. ‘ಬಿ’, ‘ಡಿ’ ಕಿವಿಗೆ ಒಂದೇ ಥರ ಕೇಳಿ ಗೊಂದಲವಾಗದಂತೆ ಸಾಲುಗಳಿಗೆ ಅನ್ನಾ, ಬೆಲ್ಲಾ, ಸೀಸರ್, ಡೇವಿಡ್ ಎಂದು ಹೆಸರು. ಇಲ್ಲಿ ಆರಂಭ ಎನ್ನುವುದು ಕಣ್ಣಿನ ಪುಟವಲ್ಲ, ಬೆರಳಿನ ಮತ್ತು ಕಿವಿಯ ನೆನಪು. ಕಂಠಪಾಠ ಮಾತ್ರ ಸಾಲದು, ಯಾವ ಕಾಯಿ ಯಾವುದನ್ನು ಕಾಯುತ್ತಿದೆ ಎಂಬ ಚಿತ್ರ ಒಳಗೆ ನಿಲ್ಲದಿದ್ದರೆ ಹತ್ತನೇ ನಡೆಗೇ ದಾರಿ ತಪ್ಪುತ್ತದೆ.

ಕಂಠಪಾಠದ ವಿರುದ್ಧ ದೊಡ್ಡ ಆಟಗಾರರೇ ಬಂಡೆದ್ದಿದ್ದಾರೆ. ಬಾಬಿ ಫಿಷರ್ 1996ರಲ್ಲಿ ಬ್ಯುನೋಸ್ ಐರಿಸ್‌ನಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು ಚೀಟಿ ಎತ್ತಿದಂತೆ ಜೋಡಿಸುವ ಆಟ ಮುಂದಿಟ್ಟ, ಒಟ್ಟು 960 ಬಗೆಯ ಆರಂಭದ ಜೋಡಣೆ. ಕಾರ್ಲ್‌ಸನ್ ಈಗ ಅದೇ ಆಟದ ಪಂದ್ಯಾವಳಿಗಳಲ್ಲಿ ಮುಂಚೂಣಿಯಲ್ಲಿದ್ದಾರೆ. 2017ರಲ್ಲಿ ಆಲ್ಫಾಝೀರೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಯಾವ ಪುಸ್ತಕವನ್ನೂ ಓದದೆ, ತನ್ನ ಜೊತೆ ತಾನೇ ಕೆಲವು ಗಂಟೆ ಆಡಿ ಕಲಿತು, ಮನುಷ್ಯರು ಶತಮಾನಗಳಲ್ಲಿ ಕಂಡುಕೊಂಡ ಎಷ್ಟೋ ಆರಂಭಗಳನ್ನು ತಾನೇ ಮುಟ್ಟಿತು. ತುದಿಯ ಕಾಲಾಳನ್ನು ಎದುರಾಳಿಯ ರಾಜನ ಮೇಲೆ ನುಗ್ಗಿಸುವ ಅದರ ಚಾಳಿಯನ್ನು ಗ್ರ್ಯಾಂಡ್‌ಮಾಸ್ಟರ್‌ಗಳು ನಾಚಿಕೆಯಿಲ್ಲದೆ ನಕಲು ಮಾಡಿದರು.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಆಟ ಇದಕ್ಕೆಲ್ಲ ಒಂದು ಟಿಪ್ಪಣಿಯಂತಿದೆ. ಬಿಳಿ ಡಿಂಗ್ ಲಿರೆನ್, ಕಪ್ಪು 18ರ ಡಿ. ಗುಕೇಶ್. ಆರಂಭ ಗ್ರುನ್‌ಫೆಲ್ಡ್‌ನ ಕನ್ನಡಿ ರೂಪ, ಮಹೇಶಚಂದ್ರ ಕಪ್ಪಿನಲ್ಲಿ ಕಟ್ಟಿದ ಸೈನ್ಯವನ್ನು ಇಲ್ಲಿ ಬಿಳಿ ಕಟ್ಟಿತು. ಎರಡೂ ಕಡೆ ತಿಂಗಳುಗಟ್ಟಲೆ ತಯಾರಿ. ಗಂಟೆಗಟ್ಟಲೆ ಆಟದ ನಂತರ ಎಲ್ಲರೂ ಡ್ರಾ ಎಂದುಕೊಂಡಿದ್ದಾಗ 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆಗಳು ಕಳಚಿ, ಒಂಟೆಗಳೂ ಬಲವಂತವಾಗಿ ಅದಲುಬದಲಾದರೆ ಉಳಿದ ಕಾಲಾಳುಗಳ ಆಟ ಸೋಲು ಎಂಬುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮೂರು ನಡೆಯ ನಂತರ ಅವರು ಸೋಲೊಪ್ಪಿಕೊಂಡರು. ಪಟ್ಟ 7.5–6.5ರಲ್ಲಿ ಗುಕೇಶನದಾಯಿತು. ಕಲ್ಕತ್ತದಲ್ಲೂ ಸಿಂಗಪುರದಲ್ಲೂ ಕಥೆ ತಿರುಗಿದ್ದು ತಪ್ಪು ಮನೆಗೆ ಸರಿದ ಒಂದು ಆನೆಯಿಂದ.

ಇಷ್ಟೆಲ್ಲ ನೋಡಿದ ಮೇಲೆ ಹೋಬಳಿ ಊರಿನ ಮಗುವಿಗೆ ಏನು ಹೇಳಿಕೊಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಈಗ ನಡೆಯುತ್ತಿರುವುದು ಹೆಚ್ಚಾಗಿ ಅಡ್ಡದಾರಿ. ಮೊಬೈಲಿನ ವಿಡಿಯೊಗಳು ‘ಎಂಟು ನಡೆಯಲ್ಲಿ ಗೆಲ್ಲಿ’ ಎಂಬ ಬೋನುಗಳನ್ನು ಕಲಿಸುತ್ತವೆ. ಎದುರಾಳಿ ಬೋನಿಗೆ ಬೀಳದಿದ್ದರೆ ಒಂಬತ್ತನೇ ನಡೆಗೆ ಮಗುವಿನ ಬಳಿ ಹೇಳಲು ಏನೂ ಇರುವುದಿಲ್ಲ. ರೇಟಿಂಗ್ ಪಂದ್ಯದಲ್ಲಿ 90 ನಿಮಿಷ, ಪ್ರತಿ ನಡೆಗೂ 30 ಸೆಕೆಂಡು ಹೆಚ್ಚುವರಿ. ಬೋನು ಮುಗಿದ ಮೇಲೂ ಮೂರು ಗಂಟೆ ಕೂರಬೇಕು.

ಭಾಷೆಯ ತೊಡಕೂ ಇದೆ. ಕಾಯಿಗಳಿಗೆ ಕನ್ನಡದಲ್ಲಿ ಚೆಂದದ ಹೆಸರುಗಳಿವೆ, ಆರಂಭಗಳಿಗೆ ಒಂದೂ ಇಲ್ಲ. ಸಿಸಿಲಿಯನ್ ಅನ್ನು ಸಿಸಿಲಿಯನ್ ಎಂದೇ ಕರೆಯಲಿ, ಅದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಆ ಕಾಲಾಳು ಸಿ5ಕ್ಕೆ ಯಾಕೆ ಹೋಯಿತು ಎಂಬ ಕಾರಣವಾದರೂ ಮಗುವಿನ ಮನೆಮಾತಿನಲ್ಲಿ ಸಿಗಬೇಕು. ಅದು ಇಂಗ್ಲಿಷ್ ವಿಡಿಯೊದೊಳಗೇ ಸಿಕ್ಕಿಕೊಂಡಿರುವವರೆಗೆ ಮಗುವಿಗೆ ದಕ್ಕುವುದು ನಡೆಗಳ ಪಟ್ಟಿ ಮಾತ್ರ.

ಕಾರಣ ಹೇಳಲು ಬೇಕಾದ ಸಾಮಗ್ರಿ ಊರಲ್ಲೇ ಇದೆ. ಕಟ್ಟೆಯ ಮೇಲೆ, ಗುಡಿಯ ಹಾಸುಗಲ್ಲಿನ ಮೇಲೆ ಕೊರೆದ ಆಡು-ಹುಲಿ ಆಟ ಆಡಿದವರಿಗೆ ಆರಂಭ ಎಂದರೇನು ಎಂದು ಹೊಸದಾಗಿ ಹೇಳಬೇಕಿಲ್ಲ. ಆಡುಗಳನ್ನು ಒಂದೊಂದಾಗಿ ಮನೆಗೆ ಇಳಿಸಬೇಕು, ಎಲ್ಲ ಇಳಿಯುವವರೆಗೆ ಯಾವುದನ್ನೂ ನಡೆಸುವಂತಿಲ್ಲ. ಮೊದಲ ಆಡುಗಳನ್ನು ಹುಲಿ ನೆಗೆಯಲಾಗದ ಅಂಚಿನ ಮನೆಗಳಲ್ಲಿ ಇಡಬೇಕು, ಬೆನ್ನಿಗೆ ಇನ್ನೊಂದು ಆಡು ಇಲ್ಲದೆ ನಡುವೆ ಇಳಿಸಬಾರದು. ಈ ತಿಳಿವಳಿಕೆ ಬಾಯಿಂದ ಬಾಯಿಗೆ ಬಂದದ್ದು. ಅದಕ್ಕೆ ಗ್ರಂಥವೂ ಇಲ್ಲ, ಐನೂರು ಸಂಖ್ಯೆಗಳೂ ಇಲ್ಲ. ಆದರೆ ಅದು ಆರಂಭದ ಶಾಸ್ತ್ರವೇ. ಚೆಸ್ಸಿನ ನಡುಮನೆ, ಕಾಯಿ ಹೊರತರುವುದು, ರಾಜನನ್ನು ಮೂಲೆ ಸೇರಿಸುವುದು ಎಲ್ಲವನ್ನೂ ಅಲ್ಲಿಂದ ಹೊರಟು ಹೇಳಬಹುದು.

ಮೊದಲ ಪಾಠಕ್ಕೆ ಕಿಂಡಿಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಶಾಲಾ ಪಂದ್ಯಗಳಲ್ಲಿ ಸಾಲು ಸಾಲಾಗಿ ಮಕ್ಕಳನ್ನು ಉರುಳಿಸುವ ನಾಲ್ಕು ನಡೆಯ ಮೇಟ್ ಹೀಗಿದೆ: ಬಿಳಿ ಇ4, ಕಪ್ಪು ಇ5. ಬಿಳಿಯ ಒಂಟೆ ಸಿ4ಕ್ಕೆ, ಕಪ್ಪಿನ ಕುದುರೆ ಸಿ6ಕ್ಕೆ. ಬಿಳಿಯ ಮಂತ್ರಿ ಎಚ್5ಕ್ಕೆ. ಈಗ ಒಂಟೆಯ ಕಣ್ಣೂ ಮಂತ್ರಿಯ ಕಣ್ಣೂ ಎಫ್7ರ ಮೇಲಿವೆ. ಮಂತ್ರಿಯನ್ನು ಓಡಿಸುವ ಹುಮ್ಮಸ್ಸಿನಲ್ಲಿ ಕುದುರೆಯನ್ನು ಎಫ್6ಕ್ಕೆ ಎತ್ತಿದವನು ಮುಂದಿನ ನಡೆಗೆ ಸತ್ತ. ಕಿಂಡಿಯನ್ನು ಯಾರು ಕಾಯುತ್ತಿದ್ದಾರೆ ಎಂದು ಒಮ್ಮೆ ಎಣಿಸಿದವನು ಕಾಲಾಳನ್ನು ಜಿ6ಕ್ಕೆ ನೂಕುತ್ತಾನೆ. ಮಂತ್ರಿ ಎಫ್3ಕ್ಕೆ ಹಿಂದೆ ಸರಿದು ಅದೇ ಕಿಂಡಿಗೆ ಮತ್ತೆ ಗುರಿ ಇಡುತ್ತದೆ. ಈಗ ಕುದುರೆ ಎಫ್6ಕ್ಕೆ ಬರುವ ಹೊತ್ತು, ದಾರಿ ಮುಚ್ಚಿತು. ನಾಲ್ಕು ನಡೆ ಮುಗಿದಾಗ ಕಪ್ಪಿನ ಎರಡು ಕುದುರೆಗಳೂ ಹೊರಗೆ ಬಂದಿವೆ. ಬಿಳಿಯ ಮಂತ್ರಿ ಎರಡು ಸಲ ನಡೆದು, ತನ್ನದೇ ಕುದುರೆ ಬರಬೇಕಾಗಿದ್ದ ಮನೆಯ ಮೇಲೆ ಕೂತಿದೆ. ಹಳ್ಳಿಯ ಹುಡುಗಿ ಗಡಿಯಾರ ಒತ್ತಿ, ಎದುರು ಕೂತವನು ಮೊದಲ ಸಲ ಯೋಚನೆಗೆ ಬಿದ್ದದ್ದನ್ನು ನೋಡುತ್ತಾಳೆ.